ತೊಳೆದ ಡಬ್ಬ

ಕಣ್ಣಾಸ್ಪತ್ರೆಯ ತೊಳೆಯುವ ಕೋಣೆಯಲ್ಲಿ ಅವಳ ಕೈಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತಿದ್ದವು. ಮನಸ್ಸು ಮಾತ್ರ ಬೆಳಿಗ್ಗೆಯಿಂದಲೂ ಓರಗಿತ್ತಿಯ ಮನೆಯ ಬಾಗಿಲಲ್ಲಿ ನಿಂತು, ಗಂಟೆ ಒತ್ತಲೋ ಬೇಡವೋ ಎಂದು ಹಿಂದುಮುಂದು ನೋಡುತ್ತಿತ್ತು. ಇಕ್ಕಳ, ಕತ್ತರಿ, ರೆಪ್ಪೆಯನ್ನು ಅಗಲಿಸಿ ಹಿಡಿಯುವ ತಂತಿ ಎಲ್ಲವನ್ನೂ ಬ್ರಷ್ಷಿನಿಂದ ಉಜ್ಜಿ, ತೊಟ್ಟಿಯ ಕ್ರಿಮಿ ಕೊಲ್ಲುವ ದ್ರಾವಣದಲ್ಲಿ ಮುಳುಗಿಸಿ, ಎತ್ತಿ, ಜಾಲರಿಯ ಮೇಲಿಡಬೇಕು. ಬಿಸಿ ತಡೆಯುವಂಥವು ಹಬೆಯ ಯಂತ್ರಕ್ಕೆ ಹೋಗುತ್ತವೆ. ತಡೆಯದ ಪ್ಲಾಸ್ಟಿಕ್ಕಿನವು ದ್ರಾವಣದ ಪಸೆಯಲ್ಲೇ ಒಣಗಬೇಕು, ಒರೆಸಬಾರದು. ಒರೆಸುವ ಬಟ್ಟೆ ಎಷ್ಟೇ ಬೆಳ್ಳಗಿರಲಿ, ಅದನ್ನು ಯಾವುದೋ ಕೈ ಮಡಿಸಿಟ್ಟಿರುತ್ತದೆ, ಆ ಕೈ ಅದಕ್ಕೂ ಮೊದಲು ಎಲ್ಲೆಲ್ಲಿ ಕೆರೆದುಕೊಂಡಿತ್ತೋ ಯಾರಿಗೆ ಗೊತ್ತು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಅವಳು ಹೇಳುವ ಮೊದಲ ಪಾಠ ಇದು. ಎರಡನೆಯ ಪಾಠ: ಇನ್ನೊಬ್ಬರು ತೊಳೆದದ್ದು ಅಂದರೆ ತೊಳೆಯದ್ದು ಅಂತಲೇ ತಿಳಿಯಬೇಕು. ಕಂಪನಿಯಿಂದ ಮೊಹರಾಗಿ ಬಂದ ಬಟ್ಟಲನ್ನೂ ಅವಳು ಇನ್ನೊಮ್ಮೆ ತೊಳೆಯುತ್ತಿದ್ದಳು. ಹತ್ತೊಂಬತ್ತು ವರ್ಷಗಳಲ್ಲಿ ಈ ಆಸ್ಪತ್ರೆಯಲ್ಲಿ ಯಾರ ಕಣ್ಣೂ ಕೀವು ತುಂಬಿ ಹೋಗಿಲ್ಲವೆಂದರೆ ಅದು ದೊಡ್ಡ ಡಾಕ್ಟರ ಕೈಗುಣವಲ್ಲ, ತನ್ನ ತೊಟ್ಟಿಯ ಗುಣ ಎಂದು ಅವಳಿಗೆ ಒಳಗೊಳಗೇ ಜಂಬ. ಈಚೆಗೆ ಆ ಜಂಬವನ್ನು ನೆನೆದರೆ ನಾಲಿಗೆಯ ಮೇಲೆ ಹುಳಿತೇಗು ಬಂದ ಹಾಗಾಗುತ್ತಿತ್ತು.

ಚೀಲದೊಳಗೆ ಫೋನು ಹೊಡೆದುಕೊಂಡಿತು. ಅದನ್ನು ಹುಡುಕಲು ಚೀಲದಲ್ಲಿದ್ದುದನ್ನೆಲ್ಲ ಹೊರಗೆ ಹಾಕಬೇಕಾಯಿತು. ಛತ್ರಿ, ಊಟದ ಡಬ್ಬಿ, ಮಗಳ ಒಳಬಟ್ಟೆಯ ಹೊಸ ಪೊಟ್ಟಣ, ಮಗಳಿರುವ ದೊಡ್ಡಾಸ್ಪತ್ರೆಯವರು ಕೊಟ್ಟ ಕೆಂಪು ಮುಚ್ಚಳದ ಅಗಲಬಾಯಿಯ ಡಬ್ಬ ಎಲ್ಲ ಮೇಜಿನ ಮೇಲೆ ಬಂದವು. ಫೋನಿನಲ್ಲಿ ಗಂಡ. "ಇವತ್ತು ಹೋಗ್ತೀಯಾ ಅತ್ತಿಗೆ ಮನೆಗೆ?" ಹೋಗುತ್ತೇನೆ ಎಂದಳು. "ಕಾಲು ಹಿಡ್ಕೊಂಡಾದ್ರೂ ಒಪ್ಸು. ಈ ಸಲ ಮಾತ್ರೆ ಗೀತ್ರೆ ಏನೂ ನುಂಗ್ಬೇಡಿ ಅಂತ ಬಿಡಿಸಿ ಹೇಳು. ಹಲ್ಲುನೋವು ಅಂತ ನುಂಗಿರ್ತಾರೆ, ಕೇಳಿದ್ರೆ ಇಲ್ಲ ಅಂತಾರೆ." ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹೂಂಗುಟ್ಟುತ್ತ ಕೆಲಸ ಮುಂದುವರಿಸಿದಳು. "ನಾಳೇದು ತಪ್ಪಿದ್ರೆ ಮುಂದಿನ ವಾರ ಕುಯ್ಯೋದೇ ಅಂತೆ. ಡಾಕ್ಟ್ರು ಮತ್ತೆ ಹೇಳಿದ್ರು." ಗೊತ್ತು ರೀ, ನಂಗೂ ಹೇಳಿದಾರೆ, ಎಂದಳು. ಗಂಡ ಇನ್ನೂ ಏನೇನೋ ಅಂದ. ಮೇಜಿನ ಮೇಲಿದ್ದುದನ್ನೆಲ್ಲ ಮುಗಿಸಿ, ಚೀಲಕ್ಕೆ ಸೇರಬೇಕಾದ್ದನ್ನು ಚೀಲಕ್ಕೆ ಸೇರಿಸಿ, ಮುಚ್ಚಳಗಳನ್ನು ಬಿಗಿಯಾಗಿ ತಿರುಗಿಸಿ, ಅವಳು ದೀಪ ಆರಿಸಿದಳು.

ಕುಯ್ಯುವುದು ಎಂದರೆ ಹದಿನಾರರ ಹುಡುಗಿಯ ದೊಡ್ಡಕರುಳನ್ನೇ ತೆಗೆದುಹಾಕಿ, ಹೊಟ್ಟೆಯ ಮೇಲೆ ತೂತು ಮಾಡಿ, ಅದಕ್ಕೊಂದು ಚೀಲ ಅಂಟಿಸುವುದು. ಬರುವುದೆಲ್ಲ ಆ ಚೀಲಕ್ಕೆ ಬರುತ್ತದೆ. ಕಾಲೇಜಿಗೂ ಅದರ ಜೊತೆ, ಮದುವೆಮನೆಗೂ ಅದರ ಜೊತೆ. ಬೇಲಿಯೇ ಎದ್ದು ಹೊಲ ಮೇಯುವುದೆಂದು ಕೇಳಿದ್ದಳಲ್ಲ, ಅದು ಮಗಳ ಹೊಟ್ಟೆಯೊಳಗೆ ನಡೆಯುತ್ತಿತ್ತು. ಮೈಯ ಕಾವಲಿನವರೇ ಕರುಳಿನ ಗೋಡೆಯನ್ನು ಕಿತ್ತು ತಿನ್ನುತ್ತಿದ್ದರು, ಮಗಳು ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ರಕ್ತ ಬಿಡುತ್ತಿದ್ದಳು. ಮೊದಲು ಒಳ್ಳೆಯ ಬ್ಯಾಕ್ಟೀರಿಯಾದ ಕ್ಯಾಪ್ಸೂಲು ಕೊಟ್ಟು ನೋಡಿದ್ದರು. ಬೆಳ್ಳನೆಯ, ಚೊಕ್ಕಟವಾದ, ಬೆಳ್ಳಿಹಾಳೆಯಲ್ಲಿ ಕೂತಿದ್ದ ಕ್ಯಾಪ್ಸೂಲುಗಳು. ಅವು ಅವಳಿಗೆ ಇಷ್ಟವಾಗಿದ್ದವು. ಬ್ಯಾಕ್ಟೀರಿಯಾವೇ ಆದರೂ ಅಂಗಿ ತೊಟ್ಟುಕೊಂಡು ಬಂದಂಥವು. ಆದರೆ ಅವು ಕೈಕೊಟ್ಟವು. "ಅವು ಬಾಡಿಗೆಗೆ ಬಂದೋರಿದ್ದ ಹಾಗೆ, ನಾಲ್ಕು ದಿನ ಇದ್ದು ಗಂಟುಮೂಟೆ ಕಟ್ತವೆ," ಎಂದರು ಹೊಟ್ಟೆ ಡಾಕ್ಟರು. ಅವರಿಗಂದು ನೆಗಡಿ. ಮೂಗನ್ನು ಮುಂಗೈಯಿಂದ ಒರೆಸಿಕೊಂಡು, ಅದೇ ಕೈಯಲ್ಲಿ ಪೆನ್ನು ಹಿಡಿದು, ಕಾಗದದ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ಅವಳ ಕಣ್ಣು ಕರುಳಿನ ಮೇಲಿರಲಿಲ್ಲ, ಪೆನ್ನಿನ ಮೇಲಿತ್ತು. "ಈ ಗೋಡೆ ಹಿಂದೆ ನಮ್ಮ ಕಾವಲಿನವರ ದೊಡ್ಡ ಪಾಳ್ಯಾನೇ ಇದೆ ನೋಡಿ. ಯಾರು ನಮ್ಮೋರು, ಯಾರು ಕಳ್ಳರು ಅಂತ ಅವರಿಗೆ ಕಲಿಸೋದು ಕರುಳಲ್ಲಿರೋ ಬ್ಯಾಕ್ಟೀರಿಯಾ. ನಾವು ತಿಂದು ಬಿಟ್ಟ ನಾರು ಗೀರು ತಿಂದ್ಕೊಂಡು, ಆ ಕಡೆಗೆ ಸುಮ್ನಿರ್ರಪ್ಪಾ ಅಂತ ಹೇಳಿ ಕಳಿಸ್ತಾ ಇರ್ತವೆ. ಚಿಕ್ಕಂದಿನಲ್ಲೇ ಆ ಪರಿಚಯ ಆಗ್ಬೇಕು. ನಿಮ್ಮ ಮಗಳ ಕಾವಲಿನವರಿಗೆ ಯಾರ ಪರಿಚಯಾನೂ ಇಲ್ಲ. ಕಂಡೋರಿಗೆಲ್ಲ ಹೊಡೀತಿದಾರೆ. ಮಗು ಇದ್ದಾಗ ಮಣ್ಣು ಗಿಣ್ಣು ತಿಂತಿದ್ಲಾ?" "ಅಯ್ಯೋ, ಇಲ್ಲ ಡಾಕ್ಟ್ರೇ! ಅವಳ ಕೈ ನೆಲಕ್ಕೆ ತಾಗೋಕೇ ಬಿಟ್ಟಿಲ್ಲ ನಾನು," ಎಂದಳು. ಶಾಲೆಯಲ್ಲಿ ಕೇಳದ ಪ್ರಶ್ನೆಗೂ ಕೈಯೆತ್ತುವ ಮಗುವಿನಂತೆ ಹೆಮ್ಮೆಯಿಂದಲೇ ಅಂದಳು. ಪೆನ್ನು ಅರೆಗಳಿಗೆ ನಿಂತಿತು. "ಇದೊಂದೇ ಕಾರಣ ಅಂತಲ್ಲಮ್ಮ," ಎಂದರು ಡಾಕ್ಟರು ಮೆತ್ತಗೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮೆತ್ತನೆಯ ದನಿಯಿದೆಯಲ್ಲ, ಅದು ಇವತ್ತಿಗೂ ಅವಳ ಕಿವಿಯಲ್ಲಿ ಮೇಣದ ಹಾಗೆ ಅಂಟಿಕೊಂಡಿತ್ತು.

ಇನ್ನು ಉಳಿದದ್ದು ಒಂದೇ ದಾರಿ, ಅದೂ ಗ್ಯಾರಂಟಿಯಿಲ್ಲದ್ದು. ಆರೋಗ್ಯವಾಗಿರುವ ಒಬ್ಬರ ಮಲವನ್ನು ಉಪ್ಪುನೀರಿನಲ್ಲಿ ಕದಡಿ, ಸೋಸಿ, ನಳಿಕೆಯಿಂದ ಮಗಳ ಕರುಳಿಗೆ ಬಿಡುವುದು. ಮಾತು ಮುಗಿಯುವ ಮೊದಲೇ ಅವಳು ಕಾರಿಡಾರಿನ ಕೊನೆಗೆ ಓಡಿ ಬೇಸಿನ್ನಿಗೆ ಬಾಗಿದ್ದಳು. ವಾಂತಿ ಬರಲಿಲ್ಲ, ಬರೀ ಕಹಿನೀರು. ಬಾಯಿ ತೊಳೆದುಕೊಂಡು ಬಂದು, ನಂದೇ ತಗೊಳ್ಳಿ ಡಾಕ್ಟ್ರೇ, ಎಂದಳು. ಬೇರೆಯವರದ್ದಕ್ಕಿಂತ ತನ್ನದು ವಾಸಿಯಲ್ಲವೇ. ಕುದಿಸಿದ ನೀರು, ಮೂರು ಸಲ ತೊಳೆದ ಹಣ್ಣು, ಹೊರಗಿನ ಅಗಳೊಂದನ್ನೂ ಮುಟ್ಟದ ಬಾಯಿ. ಪರೀಕ್ಷೆಯಾಯಿತು. ಗಂಡನಿಗೆ ಸಕ್ಕರೆ ಕಾಯಿಲೆಯೆಂದು ಅವನದು ಬೇಡವೆಂದರು. ಅವಳದ್ದಕ್ಕೆ ಲ್ಯಾಬಿನ ಹುಡುಗಿ ಮುಖ ತಗ್ಗಿಸಿ, "ನಿಮ್ಮಲ್ಲಿ ಬ್ಯಾಕ್ಟೀರಿಯಾದ ಬಗೆಗಳೇ ಇಲ್ಲ ಮೇಡಂ, ಒಂಥರಾ ಬರಡು," ಎಂದಳು. ಬರಡು! ಆ ಮಾತನ್ನು ಅವಳ ಅತ್ತೆ ಬದುಕಿದ್ದಾಗ ಒಬ್ಬಳಿಗೆ ಮಾತ್ರ ಮೀಸಲಿಟ್ಟಿದ್ದರು, ಮಕ್ಕಳಿಲ್ಲದ ಹಿರಿಯ ಸೊಸೆಗೆ, ಈ ಓರಗಿತ್ತಿಗೆ. ಆ ಹಿರಿಯ ಸೊಸೆಯದ್ದನ್ನೂ ಪರೀಕ್ಷೆಗೆ ತರಿಸಿದರು. ಫಲಿತಾಂಶ ನೋಡಿ ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಇಂಥಾ ಸಮೃದ್ಧಿ ನೋಡಿಯೇ ಇಲ್ಲವಂತೆ. ರೋಗದ ಕ್ರಿಮಿ ಒಂದೂ ಇಲ್ಲವಂತೆ. ನಾಯಿಗಳ ಎಂಜಲಲ್ಲಿ ಮಿಂದೇಳುವ ಆ ಹೆಂಗಸಿನ ಹೊಟ್ಟೆಯನ್ನು ಅವರು ಹೊಗಳಿದ ಪರಿಯನ್ನು ನೋಡಿದರೆ ಯಾರೋ ಹೂದೋಟ ಮಾಡಿದ್ದಾರೆ ಅನ್ನಬೇಕು. ಅವಳಿಗೆ ಹೊಟ್ಟೆಯುರಿಯಿತು. ಹೇಲಿನ ವಿಷಯದಲ್ಲಿ ಹೊಟ್ಟೆಕಿಚ್ಚು ಪಟ್ಟ ಮೊದಲ ಹೆಂಗಸು ತಾನೇ ಇರಬೇಕೆಂದು ಆಮೇಲೆ ಅನ್ನಿಸಿದರೂ ನಗು ಬರಲಿಲ್ಲ.

ಬಸ್ಸಿನಲ್ಲಿ ಕಂಬ ಹಿಡಿಯದೆ ನಿಲ್ಲುವುದು ಅವಳಿಗೆ ಕರಗತ. ಕಾಲು ಅಗಲಿಸಿ, ಚೀಲ ಎದೆಗವಚಿಕೊಂಡು ನಿಂತಳು. ಪಕ್ಕದಲ್ಲಿ ಒಬ್ಬ ಬಾಯಿಗೆ ಅಡ್ಡ ಹಿಡಿಯದೆ ಕೆಮ್ಮಿದ. ಅವನ ಎಂಜಲ ಹನಿ ಕಿಟಕಿಯ ಬಿಸಿಲಿನಲ್ಲಿ ಹಾರಿದ್ದು ಕಂಡಿತು, ಅಥವಾ ಕಂಡಂತಾಯಿತು. ಹೋದ ಸಲವೂ ಇದೇ ಬಸ್ಸು, ಆಗ ಚೀಲದಲ್ಲಿ ಡಬ್ಬ ತುಂಬಿತ್ತು, ಬೆಚ್ಚಗಿತ್ತು. ಓರಗಿತ್ತಿಯಿಂದ ಬೆಳಿಗ್ಗೆ ಇಸಿದುಕೊಂಡು ನೇರ ದೊಡ್ಡಾಸ್ಪತ್ರೆಗೆ ತಲುಪಿಸುವ ಕೆಲಸ ಅವಳದ್ದೇ ಆಗಿತ್ತು. ಹಿಂದಿನ ದಿನ ಖಾಲಿ ಡಬ್ಬ ಕೊಡಲು ಹೋಗುವ ಮೊದಲು ಅದನ್ನು ತನ್ನ ತೊಟ್ಟಿಯಲ್ಲಿ ಅದ್ದಿ ತೆಗೆದಿದ್ದಳು. ಆಸ್ಪತ್ರೆಯವರು ಮೊಹರು ಹಾಕಿಯೇ ಕೊಟ್ಟಿದ್ದರು ನಿಜ. ಆದರೂ ಮಗಳೊಳಗೆ ಹೋಗುವ ಪದಾರ್ಥ ಕೂರುವ ಡಬ್ಬ, ಇನ್ನೊಬ್ಬರು ತೊಳೆದದ್ದು, ನಂಬುವುದು ಹೇಗೆ. ಅದ್ದಿದಳು, ಎತ್ತಿದಳು, ಒರೆಸಲಿಲ್ಲ, ಮುಚ್ಚಳ ಹಾಕಿದಳು. ತಳದಲ್ಲಿ ದ್ರಾವಣ ಒಂದು ಚಮಚದಷ್ಟು ಉಳಿದಿತ್ತೋ, ಎರಡೋ. ಮಗಳಿಗೆ ರಾತ್ರಿಯಿಡೀ ಭೇದಿ ಮಾಡಿಸಿ, ಹಸಿದ ಹೊಟ್ಟೆಯಲ್ಲಿ ಮೇಜಿನ ಮೇಲೆ ಮಗ್ಗುಲು ಮಲಗಿಸಿ, ಹಿಂದೆ ಬಟ್ಟೆ ಸರಿಸಿ ಎಲ್ಲ ತಯಾರಾದ ಮೇಲೆ ಲ್ಯಾಬಿನ ಹುಡುಗಿ ಓಡಿ ಬಂದು ಡಾಕ್ಟರ ಕಿವಿಯಲ್ಲಿ ಉಸುರಿದಳು. ಬ್ಯಾಕ್ಟೀರಿಯಾ ಹೆಚ್ಚಿನವು ಸತ್ತಿವೆ, ಬಳಸುವ ಹಾಗಿಲ್ಲ ಎಂದದ್ದು ಮೇಜಿನ ಮೇಲಿದ್ದ ಮಗಳಿಗೂ ಕೇಳಿಸಿತು. ಮಗಳಿಗೆ ಮತ್ತೆ ಬಟ್ಟೆ ಹೊದಿಸಿ ವಾರ್ಡಿಗೆ ತಳ್ಳಿಕೊಂಡು ಹೋದರು. ಡೋನರ್ ಏನಾದರೂ ಔಷಧಿ ತಗೊಂಡಿದ್ದಾರಾ ಎಂದು ಡಾಕ್ಟರು ಕೇಳಿದರು. ಗಂಡ ಆಗಲೇ ಫೋನು ಹಚ್ಚಿದ್ದ. ಆ ಕಡೆಯಿಂದ ಓರಗಿತ್ತಿ ಇಲ್ಲಪ್ಪ, ಆಣೆ ಮಾಡ್ತೀನಪ್ಪ ಎಂದು ಗೋಗರೆಯುವುದು ಅಲ್ಲಿದ್ದವರಿಗೆಲ್ಲ ಕೇಳಿಸಿತು. ಅವಳಿಗೆ ಆ ಕ್ಷಣದಲ್ಲೇ ಡಬ್ಬದ ಒದ್ದೆ ನೆನಪಾಗಿತ್ತು. ಮೊಣಕೈಯವರೆಗೂ ನೆನಪಾಗಿತ್ತು. ಈಗ ಹೇಳುತ್ತೇನೆ, ಇನ್ನೊಂದು ಸ್ವಲ್ಪ ಹೊತ್ತಿಗೆ ಹೇಳುತ್ತೇನೆ, ಅವರು ಹೋದ ಮೇಲೆ ಹೇಳುತ್ತೇನೆ ಅನ್ನುತ್ತ ಅನ್ನುತ್ತ ಮನೆಗೆ ಬಂದು ಬಿಸಿನೀರಿನಲ್ಲಿ ಸ್ನಾನ ಮಾಡಿ ಮಲಗಿದ್ದಳು. ಅದಾದ ಮೇಲೆ ಓರಗಿತ್ತಿ, ಅನ್ನಿಸ್ಕೊಂಡು ಕೊಡೋ ದರ್ದು ನಂಗಿಲ್ಲ, ಎಂದು ಫೋನು ಎತ್ತುವುದನ್ನೇ ಬಿಟ್ಟಿದ್ದಳು.

ಬಸ್ಸಿಳಿದು ನಡೆದರೆ ಬೀದಿಯ ಕೊನೆಯ ಮನೆ. ಊರಿಗೆ ಹೋಗುವವರು ತಮ್ಮ ನಾಯಿಗಳನ್ನು ಬಿಟ್ಟುಹೋಗುವ ಮನೆ ಅದು. ಭಾವ ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಬರುವವರು, ಓರಗಿತ್ತಿಗೆ ನಾಯಿಗಳೇ ಸಂಸಾರ. ಗೇಟಿನಿಂದಲೇ ಆ ವಾಸನೆ ಶುರು: ಒದ್ದೆ ಕೂದಲು, ಹಳೆಯ ಮೂಳೆ, ಮೂತ್ರ ಒಣಗಿದ ಗೋಣಿ. ಅವಳು ಬಾಯಿಯಲ್ಲಿ ಉಸಿರಾಡತೊಡಗಿದಳು. ಬಾಯಲ್ಲಿ ಉಸಿರಾಡಿದರೆ ವಾಸನೆ ನಾಲಿಗೆಗೆ ತಾಗುತ್ತದೆ ಅನ್ನಿಸಿ ಮತ್ತೆ ಮೂಗಿಗೆ ಬಂದಳು. ಹಿಂದೆ ಈ ಹೆಂಗಸು ತಮ್ಮ ಜೊತೆ ಒಂದೇ ಮನೆಯಲ್ಲಿದ್ದಾಗ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳು. ಅವತ್ತು ಮನೆ ತುಂಬ ನೆಂಟರು. ಮಗುವಿನ ಬಾಯಿಯ ರಬ್ಬರು ಮೊಲೆ ನೆಲಕ್ಕೆ ಬಿತ್ತು. ಓರಗಿತ್ತಿ ಅದನ್ನೆತ್ತಿ, ತನ್ನ ಬಾಯಲ್ಲಿಟ್ಟು ಚೀಪಿ, ಮಗುವಿನ ಬಾಯಿಗೆ ಇಟ್ಟುಬಿಟ್ಟಳು. ಅಷ್ಟು ಸಲೀಸಾಗಿ, ತಾನೇ ಹೆತ್ತವಳ ಹಾಗೆ. ಹೆತ್ತವಳು ಮಗುವನ್ನು ಕಸಿದುಕೊಂಡು ಬಚ್ಚಲಿಗೆ ಓಡಿ, ಬೆರಳಿಗೆ ಸೋಪು ಹಚ್ಚಿ ಆ ಎಳೇ ಬಾಯನ್ನು ಉಜ್ಜಿದಳು, ವಸಡಿನಲ್ಲಿ ರಕ್ತ ಬರುವವರೆಗೂ ಉಜ್ಜಿದಳು. ಬಚ್ಚಲ ಬಾಗಿಲಲ್ಲಿ ನೆಂಟರು ಗುಂಪುಗೂಡಿ ನಿಂತಿದ್ದರು. ಅವರ ಹಿಂದೆ ಓರಗಿತ್ತಿ, ಮುಚ್ಚಲು ಮರೆತ ಬಾಯಿ. ಆಮೇಲೆ ಯಾರೂ ಜಗಳವಾಡಲಿಲ್ಲ. ಓರಗಿತ್ತಿ ಆ ಮಗುವನ್ನು ಮತ್ತೆಂದೂ ಎತ್ತಿಕೊಳ್ಳಲಿಲ್ಲ, ಅಷ್ಟೆ. ದೂರದಿಂದ ಚಪ್ಪಾಳೆ ತಟ್ಟಿ ಆಡಿಸುತ್ತಿದ್ದಳು. ಮಗುವಿನ ತಾಯಿಗೊಂದು ಅಡ್ಡಹೆಸರನ್ನೂ ಇಟ್ಟಳು.

"ಓಹೋ, ಸೋಪಮ್ಮ ಬಂದ್ಲು! ಚಪ್ಪಲಿ ಬಿಡ್ಬೇಡ ಬಿಡು, ನಿನ್ನ ಪಾದ ನನ್ನ ನೆಲಕ್ಕೆ ಹೆದರ್ಕೊಳತ್ತೆ."

ಓರಗಿತ್ತಿ ಅಡುಗೆಮನೆಯ ನೆಲದಲ್ಲಿ ಕಾಲು ಚಾಚಿ ಕೂತು, ಹಲ್ಲುದುರಿದ ಮುದಿನಾಯಿಯೊಂದಕ್ಕೆ ಸಾರಿನಲ್ಲಿ ನೆನೆಸಿದ ಬ್ರೆಡ್ಡನ್ನು ಬೆರಳಿನಿಂದ ತಿನ್ನಿಸುತ್ತಿದ್ದಳು. ನಾಯಿಗೊಂದು ತುತ್ತು, ತನಗೊಂದು ತುತ್ತು. ಬಟ್ಟಲು ಒಂದೇ, ಬೆರಳೂ ಅವೇ. ಬಂದವಳು ಬಾಗಿಲಲ್ಲೇ ನಿಂತಳು.

"ಹೇಗಿದೀರಾ ಅಕ್ಕ?"

"ಹೇಗಿರ್ತೀನಿ? ಮಾತ್ರೆ ಕದ್ದು ನುಂಗೋಳು ಅನ್ನಿಸ್ಕೊಂಡ್ರೆ ಹೇಗಿರ್ತಾರೋ ಹಾಗೆ. ಹುಡುಗಿ ಹೇಗಿದಾಳೆ?"

"ಮುಂದಿನ ವಾರ ಕುಯ್ತಾರಂತೆ. ನಾಳೆ ಒಂದ್ಸಲ ನೋಡ್ತೀವಿ ಅಂತಿದಾರೆ. ನೀವು ಕೊಟ್ರೆ."

ಓರಗಿತ್ತಿ ನಾಯಿಯ ಗಲ್ಲಕ್ಕೆ ಮೆತ್ತಿದ್ದನ್ನು ಹೆಬ್ಬೆರಳಿನಿಂದ ತೆಗೆದು ಅದರ ಬಾಯಿಗೇ ಇಟ್ಟಳು. ಬಸ್ಸಿನಲ್ಲಿ ಅವಳು ಏನೇನೋ ಮಾತು ಕೂಡಿಸಿಟ್ಟುಕೊಂಡಿದ್ದಳು. ನಿಜ ಹೇಳುವ ಮಾತೂ ಅವುಗಳಲ್ಲಿ ಒಂದಿತ್ತು. ನಾಲಿಗೆಗೆ ಬಂದದ್ದು ಬೇರೆಯದು. "ಅಕ್ಕ, ಅವತ್ತಿಂದು ನಿಮ್ಮ ತಪ್ಪಲ್ವಂತೆ. ಲ್ಯಾಬಿನೋರೇ ಎಡವಟ್ಟು ಮಾಡಿದ್ರಂತೆ. ಯಾರ ಡಬ್ಬಕ್ಕೋ ಯಾರ ಹೆಸರೋ ಅಂಟಿಸಿ."

"ನಿಜವಾಗ್ಲೂ?" ಓರಗಿತ್ತಿಯ ಮುಖ ಹೊತ್ತಿಕೊಂಡಿತು. ಸಾರಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. "ನನ್ನಾಣೆಗೂ? ಅಬ್ಬ! ನಾನು ಈ ಹೊಟ್ಟೇನೇ ಬೈಕೊಂಡು ಸತ್ತೆ ಕಣೇ. ಒಂದು ಮಗು ಅಂತೂ ಹೊರ್ಲಿಲ್ಲ ಇದು. ಇದೊಂದಕ್ಕಾದ್ರೂ ಪ್ರಯೋಜನಕ್ಕೆ ಬಂತಲ್ಲ ಅಂದ್ಕೊಂಡ್ರೆ, ಅದೂ ಸತ್ತೇ ಬಂತಲ್ಲ ಅಂತ. ಯಾರ ಹತ್ರ ಹೇಳ್ಕೊಳ್ಳಿ? ಈ ಮುದುಕನ ಹತ್ರ ಹೇಳ್ಕೊಂಡು ಅತ್ತೆ." ಮುದಿನಾಯಿ ಬಾಲ ಅಲ್ಲಾಡಿಸಿತು. "ತಾ ಡಬ್ಬ. ನಾಳೆ ಕೋಳಿ ಕೂಗೋ ಹೊತ್ತಿಗೆ ರೆಡಿ ಇರತ್ತೆ."

ಅವಳು ಚೀಲಕ್ಕೆ ಕೈ ಹಾಕಿದಳು. ಎದೆಯ ಮೇಲಿಂದ ಏನೋ ಇಳಿದಂತೆ, ಜೊತೆಗೇ ಇನ್ನೇನೋ ಹೊಲಸು ಏರಿ ಕೂತಂತೆ. ಇಷ್ಟು ಸುಲಭವಾಗಿ ಒಪ್ಪುತ್ತಾಳೆಂದಿದ್ದರೆ ಇನ್ನೂ ಚಿಕ್ಕ ಸುಳ್ಳು ಸಾಕಾಗುತ್ತಿತ್ತು. ಡಬ್ಬ ಕೊಟ್ಟಳು. ಓರಗಿತ್ತಿ ಕೆಂಪು ಮುಚ್ಚಳ ತಿರುಗಿಸಿ ತೆಗೆದಳು. ಅದರ ಅಂಚಿನಿಂದ ಒಂದು ಹನಿ ಅವಳ ಕಾಲಮೇಲೆ ಬಿತ್ತು, ಆಮೇಲೆ ಇನ್ನೊಂದು.

"ಒದ್ದೆ ಇದೆಯಲ್ಲೇ."

ಏನು ಇದೆ ಎಂದು ಅವಳಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಮುದಿನಾಯಿ ಕುತೂಹಲದಿಂದ ಎದ್ದು ಬಂದು ಡಬ್ಬದೊಳಗೆ ಮೂತಿ ತೂರಿಸಿತು, ಮರುಗಳಿಗೆಯಲ್ಲೇ ಜೋರಾಗಿ ಸೀನಿ ಹಿಂದಕ್ಕೆ ಸರಿಯಿತು, ಮತ್ತೆ ಸೀನಿತು. ಓರಗಿತ್ತಿ ಡಬ್ಬವನ್ನು ಮೂಗಿನ ಹತ್ತಿರ ತಂದಳು. ಆಗ ಡಬ್ಬ ತಂದವಳಿಗೆ ಎಲ್ಲ ಕಂಡಿತು. ಮೇಜು, ಭುಜಕ್ಕೆ ಸಿಕ್ಕಿಸಿದ ಫೋನು, ಹೂಂ ಹೂಂ ಎನ್ನುವ ತಾನು, ಕೆಳಗೆ ತೊಟ್ಟಿಯಲ್ಲಿ ಮುಳುಗಿ ಏಳುವ ಕೈಗಳು. ಇಕ್ಕಳ ಆಯಿತು, ಕತ್ತರಿ ಆಯಿತು, ಕೆಂಪು ಮುಚ್ಚಳದ ಡಬ್ಬವೂ ಆಯಿತು. ಯಾರೂ ಹೇಳಿರಲಿಲ್ಲ, ತಾನೂ ಹೇಳಿಕೊಂಡಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅವಳ ಕೈಗಳು ಮಗಳ ಕೊನೆಯ ದಾರಿಯನ್ನೂ ತೊಳೆದು, ಒರೆಸದೆ, ಮುಚ್ಚಳ ಬಿಗಿದು ತಂದಿದ್ದವು. ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ದ್ರಾವಣ ತಿಂದು ತಿಂದು ಬೆಳ್ಳಗೆ ಸುಲಿದ ಬೆರಳುಗಳು. ಅಲ್ಲಿದ್ದ ಎಲ್ಲಕ್ಕಿಂತಲೂ, ಆ ನಾಯಿ ಬಟ್ಟಲಿಗಿಂತಲೂ ಅವೇ ಅಸಹ್ಯವಾಗಿ ಕಂಡವು.

"ಹೋದ ಸಲಾನೂ ಒದ್ದೆ ಇತ್ತು," ಎಂದಳು ಓರಗಿತ್ತಿ ನಿಧಾನವಾಗಿ. "ನಂಗೆ ಆಗ ನೆಗಡಿ, ಮೂಗು ಕಟ್ಟಿತ್ತು. ಆಸ್ಪತ್ರೆ ಡಬ್ಬ, ಹೀಗೇ ಇರತ್ತೇನೋ ಅಂದ್ಕೊಂಡೆ." ಆಮೇಲೆ ತಲೆಯೆತ್ತಿ ನೋಡಿದಳು. "ಅಲ್ವೇ, ನನ್ನ ಹೇಲನ್ನೂ ತೊಳೆದುಬಿಟ್ಯೇನೇ?"

ನಗುತ್ತಾಳೆ ಎಂದುಕೊಂಡಳು. ಎಲ್ಲಕ್ಕೂ ನಗುವ ಹೆಂಗಸು. ಓರಗಿತ್ತಿ ನಗಲಿಲ್ಲ. ನೆಲಕ್ಕೆ ಕೈಯೂರಿ ಎದ್ದು, ನಲ್ಲಿಯ ಕೆಳಗೆ ಡಬ್ಬ ಹಿಡಿದು, ಬರೀ ನೀರಿನಲ್ಲಿ ಕುಲುಕಿ ಚೆಲ್ಲಿದಳು, ಮತ್ತೆ ಕುಲುಕಿದಳು, ಮೂಸಿದಳು, ಮತ್ತೆ ಕುಲುಕಿದಳು. ಕೊನೆಗೆ ತಾನುಟ್ಟ ಬಟ್ಟೆಯ ಅಂಚಿನಿಂದ ಒಳಗೆಲ್ಲ ಒರೆಸಿದಳು. ಆ ಅಂಚಿನಲ್ಲಿ ನಾಯಿಕೂದಲು ಅಂಟಿದ್ದು ಬಾಗಿಲಲ್ಲಿ ನಿಂತವಳಿಗೆ ಕಂಡಿತು.

"ನಾಳೆ ನಾನೇ ತರ್ತೀನಿ. ನಾಯಿಗಳನ್ನ ಪಕ್ಕದ್ಮನೆಯವಳು ನೋಡ್ಕೊತಾಳೆ. ನಿನ್ನ ಕೈಗೆ ಮಾತ್ರ ಕೊಡಲ್ಲ."

"ಅಕ್ಕ... ಮನೇಲಿ ಯಾರಿಗೂ..."

"ಹೇಳ್ಬೇಡಿ ಅಂತಾನಾ?" ಓರಗಿತ್ತಿ ಬೆನ್ನು ತಿರುಗಿಸಿಯೇ ಇದ್ದಳು. "ನಡಿ, ನಿನ್ನ ಬಸ್ಸು ಹೋಗತ್ತೆ."

ಮರುದಿನ ಬೆಳಿಗ್ಗೆ ದೊಡ್ಡಾಸ್ಪತ್ರೆಯ ಕಾರಿಡಾರಿನಲ್ಲಿ ಓರಗಿತ್ತಿ ತರಕಾರಿ ಚೀಲವೊಂದನ್ನು ಹಿಡಿದು ಬಂದಳು. ತಲೆ ಬಾಚಿದ್ದಳು, ಮದುವೆಮನೆಗೆ ಬಂದವಳಂತೆ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಲ್ಯಾಬಿನ ಹುಡುಗಿಯ ಕೈಗೆ ಡಬ್ಬ ಕೊಟ್ಟು, ಅಲ್ಲೇ ನಿಂತಿದ್ದ ಡಾಕ್ಟರಿಗೆ, ಗಂಡನಿಗೆ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಹೋದ ಸಲದ್ದು ನಂದೇ ತಪ್ಪು ಡಾಕ್ಟ್ರೇ. ಮಾತ್ರೆ ಗೀತ್ರೆ ಅಲ್ಲ. ಡಬ್ಬಾನ ಔಷಧಿ ನೀರಲ್ಲಿ ತೊಳೆದುಬಿಟ್ಟಿದ್ದೆ. ಚೊಕ್ಕಟವಾಗಿರ್ಲಿ ಅಂತ. ದಡ್ಡಿ ನಾನು." ಡಾಕ್ಟರು, ಸದ್ಯ, ಈಗಲಾದ್ರೂ ಹೇಳಿದ್ರಲ್ಲ, ಎಂದು ನಿಟ್ಟುಸಿರು ಬಿಟ್ಟರು. ಗಂಡ, "ಅಷ್ಟೂ ಗೊತ್ತಾಗಲ್ವಾ ಅತ್ತಿಗೆ? ಜೀವ ಇರೋ ವಸ್ತು ಅಂತ ಎಷ್ಟು ಸಲ ಹೇಳಿದ್ವಿ," ಎಂದು ಸಿಡುಕಿದ. ಓರಗಿತ್ತಿ ತಲೆಯಾಡಿಸಿ ಒಪ್ಪಿಕೊಂಡಳು, ಅವಳತ್ತ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು, ಕಣ್ಣಲ್ಲಾದರೂ ಉಗಿದಿದ್ದರೆ ಚೆನ್ನಾಗಿತ್ತು. ಬಾಯಲ್ಲಿ ಬಿಸಿತುಪ್ಪ ಹಿಡಿದುಕೊಂಡವಳ ಹಾಗೆ, ಉಗುಳಲೂ ಆಗದೆ ನುಂಗಲೂ ಆಗದೆ ಅವಳು ಗೋಡೆಗೊರಗಿದಳು. ಗೋಡೆಗೆ ಒರಗುವುದು ಅವಳ ಜಾಯಮಾನವಲ್ಲ. ಅಲ್ಲಿ ಸಾವಿರ ತಲೆಗಳ ಎಣ್ಣೆಯ ಗುರುತಿತ್ತು. ಗಾಜಿನ ಬಾಗಿಲಾಚೆ ಲ್ಯಾಬಿನ ಹುಡುಗಿ ಮಿಕ್ಸಿಯಂಥದೊಂದರ ಮುಚ್ಚಳ ಒತ್ತಿ ಹಿಡಿದಿದ್ದಳು. ಆಮೇಲೆ ಅದನ್ನು ಜಾಲರಿಯಲ್ಲಿ ಸೋಸಿದಳು. ಬಾಟಲಿಯಲ್ಲಿ ಹಾಲು ಹೆಚ್ಚಾದ ಚಹಾದ ಬಣ್ಣ ನಿಂತಿತು. ಕಣ್ಣು ತಿರುಗಿಸಬೇಕೆಂದುಕೊಂಡೇ ಅವಳು ಕೊನೆಯ ಹನಿ ಬೀಳುವವರೆಗೂ ನೋಡಿದಳು. ಈ ಸಲ ಯಾರೂ ಓಡಿ ಬಂದು ಕಿವಿಯಲ್ಲಿ ಉಸುರಲಿಲ್ಲ.

ಮಧ್ಯಾಹ್ನ ವಾರ್ಡಿನಲ್ಲಿ ಮಗಳನ್ನು ಎಡಮಗ್ಗುಲಿಗೆ ಮಲಗಿಸಿದ್ದರು. ಒಳಗೆ ಬಿಟ್ಟದ್ದು ಆದಷ್ಟು ಹೊತ್ತು ಒಳಗೇ ಇರಬೇಕು, ಫಲ ತಿಳಿಯಲು ವಾರಗಳೇ ಬೇಕು ಎಂದಿದ್ದರು. ಬಡಕಲಾದ ಮುಖದಲ್ಲಿ ಕಣ್ಣುಗಳು ಮಾತ್ರ ದೊಡ್ಡವು. ಆ ಕಣ್ಣುಗಳಿಗೆ ಅವಳು ಹೆದರುತ್ತಿದ್ದಳು. ಹಾಸಿಗೆ ಕೆಟ್ಟಾಗಲೆಲ್ಲ ಅವಳು ಎರಡು ಜೊತೆ ಗ್ಲೌಸು ಒಂದರ ಮೇಲೊಂದು ಹಾಕಿ, ಮುಖಕ್ಕೆ ಮಾಸ್ಕು ಕಟ್ಟಿ, ಉಸಿರು ಬಿಗಿಹಿಡಿದು ಬಟ್ಟೆ ಬದಲಿಸುತ್ತಿದ್ದಳು. ಮಾಸ್ಕಿನ ಮೇಲೆ ಉಳಿದ ಎರಡು ಕಣ್ಣುಗಳಲ್ಲಿ ಮಗಳಿಗೆ ಏನು ಕಾಣುತ್ತಿತ್ತೋ. ಒಮ್ಮೆ ಮಾತ್ರ ಮಗಳು ಅಂದಿದ್ದಳು. "ಉಸಿರಾಡಮ್ಮ. ಸತ್ತೋಗ್ತೀಯ." ತಮಾಷೆಗೇ ಅಂದದ್ದು. ಅವತ್ತಿನಿಂದ ಅವಳಿಗೆ ಆ ಕೋಣೆಯಲ್ಲಿ ಸರಿಯಾಗಿ ಉಸಿರೇ ಬಂದಿರಲಿಲ್ಲ.

ಓರಗಿತ್ತಿ ಸ್ಟೂಲಿನ ಮೇಲೆ ಕೂತು, ಸೂಪಿನ ಬಟ್ಟಲು ಕೈಗೆತ್ತಿಕೊಂಡಳು. ಹದಿನೈದು ವರ್ಷ ದೂರದಿಂದ ಚಪ್ಪಾಳೆ ತಟ್ಟಿದವಳು ಇವತ್ತು ಮಂಚಕ್ಕೆ ಮೊಣಕಾಲು ತಾಗಿಸಿ ಕೂತಿದ್ದಳು. ಚಮಚ ತುಂಬಿ, ಬಿಸಿಯೇನೋ ಎಂದು ತನ್ನ ತುಟಿಗಿಟ್ಟು ಒಂದು ಗುಟುಕು ಹೀರಿ, ಉಳಿದದ್ದನ್ನು ಮಗಳ ಬಾಯಿಯ ಹತ್ತಿರ ತಂದಳು. ಅಲ್ಲಿಗೆ ಬಂದ ಮೇಲೆ ಚಮಚ ಸಟ್ಟನೆ ನಿಂತಿತು. ಮಾಡಿದ್ದೇನೆಂದು ಆಗ ಹೊಳೆದಿರಬೇಕು. ಸೂಪು ತುಳುಕಿ ಅಂಚಿಗೆ ಬಂತು. ಮಂಚದ ಕಾಲ ಬಳಿ ನಿಂತಿದ್ದ ಅವಳ ಕೈ ತಾನಾಗಿಯೇ ಅರ್ಧ ಮುಂದೆ ಹೋಗಿತ್ತು.

"ಅಮ್ಮ," ಎಂದಳು ಮಗಳು, "ಆ ಕಡೆ ನೋಡು ಸ್ವಲ್ಪ." ಅಂದು ಬಾಯಿ ತೆರೆದಳು. "ಕೊಡಿ ದೊಡ್ಡಮ್ಮ."

ಅವಳು ಆ ಕಡೆ ನೋಡಿದಳು. ಕಿಟಕಿಯ ಗಾಜಿನಲ್ಲಿ ಚಮಚ ಹೋಗಿ ಬರುವುದು ಕಾಣುತ್ತಲೇ ಇತ್ತು. ಬಟ್ಟಲು ಬರಿದಾಯಿತು. ನಾಯಿಗಳು ಕಾಯ್ತಿರ್ತವೆ ಎಂದು ಓರಗಿತ್ತಿ ಎದ್ದಳು. ಹುಡುಗಿಯ ಹಣೆಯ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೆಚ್ಚೇ ಹೊತ್ತು ಇಟ್ಟು, ಹೋದಳು. ಬಾಗಿಲು ಮುಚ್ಚಿಕೊಂಡಿತು. ಗಂಡ, ಅತ್ತಿಗೆ ಡಬ್ಬ ತೊಳೆದ ಕತೆಯನ್ನು ಮಗಳಿಗೆ ಆಗಲೇ ಹೇಳಿ ಮುಗಿಸಿ, ಔಷಧಿ ತರಲು ಕೆಳಗೆ ಹೋಗಿದ್ದ.

"ಡಬ್ಬ ತೊಳೆದಿದ್ದು ದೊಡ್ಡಮ್ಮ ಅಲ್ಲ," ಎಂದಳು ಅವಳು ಕಿಟಕಿಗೆ.

"ಗೊತ್ತು."

ತಿರುಗಿ ನೋಡಿದಳು. ಮಗಳ ಮುಖದಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಯಾರು ಹೇಳಿದ್ರು?"

"ಯಾರೂ ಹೇಳ್ಬೇಕಾ? ನಿನ್ನ ಕೈಗೆ ಬಂದಿದ್ದನ್ನ ನೀನು ತೊಳೀದೇ ಇರೋದುಂಟಾಮ್ಮ? ಅವತ್ತು ಆ ಮೇಜಿನ ಮೇಲೇ ಗೊತ್ತಾಯ್ತು ನಂಗೆ."

"ಮತ್ತೆ... ಯಾಕೆ ಸುಮ್ನಿದ್ದೆ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಕಾರಿಡಾರಿನಲ್ಲಿ ಯಾರೋ ತಳ್ಳುಗಾಡಿ ದಬ್ಬಿಕೊಂಡು ಹೋದರು. ಅದರ ಗಾಲಿಯೊಂದು ಕಿರುಗುಟ್ಟುವುದು ದೂರದವರೆಗೂ ಕೇಳಿಸಿತು. ಮಗಳು ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ, ಮೊಣಕಾಲುಗಳನ್ನು ಹೊಟ್ಟೆಗೆಳೆದುಕೊಂಡಳು. ಆಮೇಲೆ ಮೈ ಸಡಿಲಿಸಿದಳು. ವಾಸನೆ ಬಂತು. "ಸ್ವಲ್ಪ ಆಚೆ ಬಂತಮ್ಮ. ಎಲ್ಲ ಅಲ್ಲ, ಸ್ವಲ್ಪಾನೇ," ಎಂದಳು ತಪ್ಪು ಮಾಡಿದವಳ ಹಾಗೆ. ಕೈ ಚಾಚಿ, ತಲೆದಿಂಬಿನ ಪಕ್ಕದಲ್ಲಿದ್ದ ಪೆಟ್ಟಿಗೆಯಿಂದ ಗ್ಲೌಸು ಎಳೆದು, ಒಂದು ಜೊತೆ, ಅದರ ಮೇಲೆ ಇನ್ನೊಂದು ಜೊತೆ, ತಾನೇ ಅಮ್ಮನ ಕಡೆ ಹಿಡಿದಳು.

ಅವಳು ಗ್ಲೌಸು ಇಸಿದುಕೊಂಡಳು. ಮಗಳ ಕೈಯ ಬಿಸಿ ಅವಕ್ಕೆ ಹತ್ತಿತ್ತು. ಅವನ್ನು ಮಂಚದ ಮೇಲಿಟ್ಟು, ತೋಳು ಮೇಲೆ ಸರಿಸಿ, ಬರಿಗೈಯನ್ನು ಮಗಳ ಸೊಂಟದ ಕೆಳಗೆ ತೂರಿಸಿದಳು. ಬೆಚ್ಚಗೆ, ಒದ್ದೆಯಾಗಿ ಬೆರಳುಗಳ ಸಂದಿಗೆ ಬಂತು. ಮಗಳದ್ದೋ, ಓರಗಿತ್ತಿಯದ್ದೋ, ಇಬ್ಬರದ್ದೂ ಸೇರಿದ್ದೋ. ಹೊಟ್ಟೆಯ ತಳದಿಂದ ವಾಕರಿಕೆ ಎದ್ದು ಬಂತು. ತಡೆಯಲಾಗಲಿಲ್ಲ, ದೊಡ್ಡದಾಗಿ ಸದ್ದು ಮಾಡಿತು. ಮಗಳಿಗೂ ಕೇಳಿಸಿತು. ಕೈಯನ್ನು ಮಾತ್ರ ಅವಳು ತೆಗೆಯಲಿಲ್ಲ.